ಮಾಲ್ಟೋ, ಜಿನ್ನೋ, ಫೆನಿಯೋ? ಕಾರವಾರದ ಸೆಕೆಗೊಂದು, ಶಿರಸಿಯ ಚಳಿಗೊಂದು

ಏಪ್ರಿಲ್ ತಿಂಗಳ ಒಂದು ಸಂಜೆ, ಕಾರವಾರದ ನಮ್ಮ ಮನೆ ಜಗಲಿ. ಗಾಳಿ ಇಲ್ಲ, ಕರೆಂಟೂ ಇಲ್ಲ. ಹೊಸದಾಗಿ ತಂದ ಸಿಂಗಲ್ ಮಾಲ್ಟ್ ವಿಸ್ಕಿ ಬಾಟಲಿ ತೆಗೆದು ಮೂವರಿಗೂ ಸ್ವಲ್ಪ ಸ್ವಲ್ಪ ಬಗ್ಗಿಸಿದೆ. ಮೂಗಿನ ಹತ್ತಿರ ತಂದರೆ ಕಣ್ಣಲ್ಲಿ ನೀರು ಬರುವಂಥ ಘಾಟು. ಅದು ಬಿಟ್ಟರೆ ಏನೂ ಇಲ್ಲ. "ಇದಕ್ಕಾ ಅಷ್ಟು ದುಡ್ಡು ಸುರಿದದ್ದು?" ಅಂದ ಗೆಳೆಯ, ಐಸ್ ಹುಡುಕಲು ಎದ್ದ. ನಾನು ಬಾಟಲಿ ಮುಚ್ಚಿಟ್ಟೆ.

ಡಿಸೆಂಬರಿನಲ್ಲಿ ಅದೇ ಬಾಟಲಿ ನನ್ನ ಜೊತೆ ಘಟ್ಟ ಹತ್ತಿ ಶಿರಸಿಗೆ, ಭಾವನ ಮನೆಗೆ ಹೋಯಿತು. ಮನೆಯ ಹಿರಿಯರೆಲ್ಲ ಮಲಗಿದ ಮೇಲೆ ಮಹಡಿಯಲ್ಲಿ ಕೂತು ತೆಗೆದೆವು. ಮೈಮೇಲೆ ಕಂಬಳಿ. ಮೊದಲ ಸಲ ಮೂಸಿದಾಗಲೇ ಜೋನಿ ಬೆಲ್ಲ ಬಂತು. ಆಮೇಲೆ ಹುರಿದ ಗೇರುಬೀಜ. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಬಾಳೆಹಣ್ಣು. ಭಾವ ಲೋಟ ಕೆಳಗಿಡಲೇ ಇಲ್ಲ.

ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಸೆಕೆ ಜಾಸ್ತಿ ಇದ್ದಾಗ ಆಲ್ಕೋಹಾಲು ಲೋಟದಿಂದ ಬೇಗ ಬೇಗ ಏಳುತ್ತದೆ, ಮೂಗು ಅದರಲ್ಲೇ ಮರಗಟ್ಟುತ್ತದೆ. ಕಾರವಾರ ಸಮುದ್ರದ ಮಟ್ಟದಲ್ಲಿದೆ, ಬೇಸಿಗೆಯಲ್ಲಿ ರಾತ್ರಿಯೂ ಬೆವರು ಆರುವುದಿಲ್ಲ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ವಿಸ್ಕಿಯ ಬಗ್ಗೆ ಬರೆಯುವವರು "ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ" ಅನ್ನುತ್ತಾರಲ್ಲ, ಅವರ ಲೆಕ್ಕದ ಕೋಣೆ 18ರಿಂದ 20 ಡಿಗ್ರಿಯದು. ನಮ್ಮ ಕೋಣೆ 32 ಡಿಗ್ರಿಯದು. ಅಂದಿನಿಂದ ನಾನು ಹೊಸ ಬಾಟಲಿ ಬಂತು ಅಂದಾಗ ಮೊದಲು ಕೇಳುವ ಪ್ರಶ್ನೆ ಬದಲಾಗಿದೆ. ಯಾವುದು ಒಳ್ಳೆಯದು ಅಂತ ಕೇಳುವುದಿಲ್ಲ. ಎಲ್ಲಿ ಕೂತು, ಯಾವ ತಿಂಗಳಲ್ಲಿ, ಏನು ತಿನ್ನುತ್ತಾ ಕುಡಿಯುವುದು ಅಂತ ಕೇಳುತ್ತೇನೆ. ಮಾಲ್ಟ್, ಜಿನ್, ಫೆನಿಗಳ ಈ ಹೋಲಿಕೆಯೂ ಅದೇ ಲೆಕ್ಕದಲ್ಲಿದೆ.

ಮೊದಲು ಲೋಟ, ಆಮೇಲೆ ಬಾಟಲಿ

ಒಮ್ಮೆ ಮೂರು ಜಿನ್ ಸಾಲಾಗಿ ಇಟ್ಟುಕೊಂಡು ಗಂಭೀರವಾಗಿ ರುಚಿ ನೋಡಲು ಕೂತೆವು. ಎರಡನೆಯದರಲ್ಲಿ ಏನೋ ಸಮುದ್ರದ ವಾಸನೆ. "ಉಪ್ಪಿನ ಅಂಶ ಇದೆ, ಕರಾವಳಿ ಜಿನ್ ಅಲ್ವಾ" ಎಂದು ಒಬ್ಬ ದೊಡ್ಡದಾಗಿ ಹೇಳಿದ. ನಾನು ತಲೆಯಾಡಿಸಿದೆ, ಬರೆದೂ ಇಟ್ಟೆ. ಆಮೇಲೆ ಗೊತ್ತಾಯಿತು, ಆ ಲೋಟವನ್ನು ಮಧ್ಯಾಹ್ನ ಬಂಗಡೆ ತಟ್ಟೆ ತಿಕ್ಕಿದ ನಾರಿನಲ್ಲೇ ತೊಳೆದಿದ್ದೆ. ಈಗ ರುಚಿ ನೋಡುವ ಲೋಟಗಳಿಗೆ ಬೇರೆಯೇ ನಾರು. ತೊಳೆದು ಬಟ್ಟೆಯಲ್ಲಿ ಒರೆಸುವುದೂ ಇಲ್ಲ, ಕವುಚಿ ಹಾಕಿ ಒಣಗಿಸುತ್ತೇನೆ.

ಲೋಟ ಬಾಯಿಯ ಹತ್ತಿರ ಕಿರಿದಾಗಿರಬೇಕು. ವಾಸನೆ ಅಲ್ಲೇ ನಿಲ್ಲುತ್ತದೆ. ಒಂದು ಸಲಕ್ಕೆ ಮೂರು ಬಗೆಗಿಂತ ಹೆಚ್ಚು ಬೇಡ, ನಾಲ್ಕನೆಯದಕ್ಕೆ ನಾಲಿಗೆ ಸುಳ್ಳು ಹೇಳಲು ಶುರು ಮಾಡುತ್ತದೆ. 15 ಎಂಎಲ್ ಸಾಕು. ಬೇಸಿಗೆಯಲ್ಲಿ ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಬಾಟಲಿಯನ್ನು ಹತ್ತು ನಿಮಿಷ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿಟ್ಟು ತೆಗೆಯಿರಿ. ತಣ್ಣಗೆ ಆಗುವುದು ಬೇಡ, ಬಿಸಿ ಇಳಿದರೆ ಸಾಕು. ಮೂಸುವಾಗ ಬಾಯಿ ಸ್ವಲ್ಪ ತೆರೆದಿರಲಿ, ಘಾಟು ಕಡಿಮೆ ಹೊಡೆಯುತ್ತದೆ.

ನೀರಿನ ವಿಷಯ. ಸಮುದ್ರದ ಹತ್ತಿರದ ಬಾವಿಗಳಲ್ಲಿ ಮೇ ಹೊತ್ತಿಗೆ ನೀರು ಸಪ್ಪುಪ್ಪು ಆಗುತ್ತದೆ. ನಮಗೆ ರೂಢಿಯಾಗಿ ಗೊತ್ತಾಗುವುದಿಲ್ಲ, ವಿಸ್ಕಿಗೆ ಗೊತ್ತಾಗುತ್ತದೆ. ಐಸನ್ನೂ ಅದೇ ನೀರಿನಲ್ಲಿ ಮಾಡಿದ್ದರೆ ಮುಗಿಯಿತು. ಮೂರೂ ಲೋಟಕ್ಕೆ ಒಂದೇ ಶುದ್ಧ ನೀರು ಬಳಸಿ. ಕೆಲವು ಹನಿ ಹಾಕಿದರೆ ವಾಸನೆ ಹಾಳಾಗುತ್ತದೆ ಅನ್ನುವವರಿದ್ದಾರೆ. ಆದರೆ ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಎಂಬ ಅಂಶ, ನೀರು ಬೆರೆತಾಗ ಮೇಲ್ಮೈಗೆ ಬರುತ್ತದೆ ಎಂದು ಸ್ವೀಡನ್ನಿನ ಸಂಶೋಧಕರು 2017ರಲ್ಲಿ ತೋರಿಸಿದ್ದಾರೆ. ಹೆದರದೆ ಹಾಕಿ.

ಇನ್ನೊಂದು ಮಾತು. ಹೊಸ ಬಾಟಲಿಯ ಬಗ್ಗೆ ಬರೆದಿಟ್ಟುಕೊಳ್ಳುವಾಗ ನಮ್ಮೂರ ವಾಸನೆಗಳಲ್ಲೇ ಬರೆಯಿರಿ. ಪೇರ್ ಹಣ್ಣು, ಹೆದರ್ ಹೂವು ಅಂತ ನಾನೂ ಮೊದಮೊದಲು ಬರೆದೆ. ಹೆದರ್ ಹೂವು ನಾನು ಜನ್ಮದಲ್ಲಿ ಮೂಸಿಲ್ಲ. ಈಗ ನನ್ನ ಪುಸ್ತಕದಲ್ಲಿ ಒಣಕೊಬ್ಬರಿ, ಬಚ್ಚಲ ಒಲೆಯ ಹೊಗೆ, ಹಲಸಿನ ತೊಳೆ, ಮಳೆಗಾಲದ ಕಂಬಳಿ, ಗಾಣದ ಮನೆ ಅಂತ ಇರುತ್ತದೆ. ಆರು ತಿಂಗಳ ನಂತರ ಓದಿದರೂ ಯಾವ ಬಾಟಲಿ ಅಂತ ತಕ್ಷಣ ನೆನಪಾಗುತ್ತದೆ.

ಮಾಲ್ಟ್: ಹೊಗೆ ಬೇಕಾ, ಬೇಡವಾ?

ನಮ್ಮ ದೇಶದಲ್ಲಿ ವಿಸ್ಕಿ ಎಂದು ಮಾರುವುದರಲ್ಲಿ ಬಹುಪಾಲು ಕಬ್ಬಿನ ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ ಸ್ಪಿರಿಟ್ಟಿಗೆ ಒಂದಿಷ್ಟು ಮಾಲ್ಟ್ ಬೆರೆಸಿದ್ದು. ಸಿಂಗಲ್ ಮಾಲ್ಟ್ ಅಂದರೆ ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ, ಒಂದೇ ಡಿಸ್ಟಿಲರಿಯಲ್ಲಿ ತಯಾರಾದದ್ದು. ಲೇಬಲ್ ಮೇಲೆ ಈ ಎರಡು ಪದ ಜೊತೆಗಿವೆಯಾ ನೋಡಿ. "ಮಾಲ್ಟ್" ಅಂತ ಮಾತ್ರ ದಪ್ಪಕ್ಷರದಲ್ಲಿದ್ದರೆ ಹಿಂಬದಿಯ ಸಣ್ಣಕ್ಷರ ಓದಿ.

ಬೆಂಗಳೂರಿನ ಅಮೃತ್ ಕಂಪನಿ 1948ರದ್ದು. ಅದರ ಸಿಂಗಲ್ ಮಾಲ್ಟ್ ಮೊದಲು ಹೊರಬಂದದ್ದು 2004ರಲ್ಲಿ, ಅದೂ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ನಮ್ಮ ಅಂಗಡಿಗಳಿಗೆ ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಪಾಲ್ ಜಾನ್ ಗೋವಾದ ಕುಂಕಳ್ಳಿಯಲ್ಲಿ ತಯಾರಾಗುತ್ತದೆ. ಕಾರವಾರದವರಿಗೆ ಅದು ಶಿರಸಿಗಿಂತ ಹತ್ತಿರ! ಹರಿಯಾಣದ ಇಂದ್ರಿ 2021ರಲ್ಲಿ ಬಂತು.

ಎಷ್ಟು ವರ್ಷ ಮರದ ಪೀಪಾಯಿಯಲ್ಲಿ ಇಟ್ಟದ್ದು ಅಂತ ಬಾಟಲಿ ಮೇಲೆ ಇಲ್ಲವಲ್ಲ ಎಂದು ಕೆಲವರು ಮೂಗು ಮುರಿಯುತ್ತಾರೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾದರೆ, ಬೆಂಗಳೂರಿನಲ್ಲಿ ಶೇಕಡಾ 10ರಿಂದ 12ರವರೆಗೆ ಹೋಗುತ್ತದೆ. ನಮ್ಮ ಬಿಸಿಲಿಗೆ ಮರದ ರಸ ಬೇಗ ಎಳೆದುಕೊಳ್ಳುತ್ತದೆ. ಇಲ್ಲಿ 12 ವರ್ಷ ಇಟ್ಟರೆ ಪೀಪಾಯಿಯಲ್ಲಿ ಉಳಿಯುವುದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಹಾಗಾಗಿ ವಯಸ್ಸು ನೋಡಿ ಹೋಲಿಸಬೇಡಿ.

ನೋಡಬೇಕಾದ್ದು ಶಕ್ತಿ, ಅಂದರೆ ಆಲ್ಕೋಹಾಲಿನ ಪ್ರಮಾಣ. ನಮ್ಮಲ್ಲಿ ಸಾಮಾನ್ಯ ಮದ್ಯ ಶೇಕಡಾ 42.8. ಪಾಲ್ ಜಾನ್‌ನ ಬ್ರಿಲಿಯನ್ಸ್, ಎಡಿಟೆಡ್, ಬೋಲ್ಡ್ ಮೂರೂ 46, ಇಂದ್ರಿ ತ್ರಿನಿಯೂ 46, ಅಮೃತ್ ಫ್ಯೂಷನ್ 50. ಒಂದೇ ಅಳತೆ ಸುರಿದು "ಫ್ಯೂಷನ್ ಖಾರ" ಅಂದರೆ ಅದು ಅನ್ಯಾಯ. ಅದಕ್ಕೆ ಕಾಲು ಟೀ ಚಮಚ ನೀರು ಹಾಕಿ ಸಮಕ್ಕೆ ತನ್ನಿ, ಆಮೇಲೆ ಹೋಲಿಸಿ.

ಇನ್ನು ಹೊಗೆ. ಪೀಟ್ ಎಂಬ ಜೌಗು ಮಣ್ಣು ಸುಟ್ಟು ಬಾರ್ಲಿ ಒಣಗಿಸಿದಾಗ ಬರುವ ವಾಸನೆ ಅದು. ಪಾಲ್ ಜಾನ್ ಬ್ರಿಲಿಯನ್ಸಿನಲ್ಲಿ ಹೊಗೆ ಇಲ್ಲ, ಎಡಿಟೆಡ್‌ನಲ್ಲಿ ತೆಳುವಾಗಿ ಇದೆ, ಬೋಲ್ಡ್‌ನಲ್ಲಿ ಢಾಳಾಗಿ ಇದೆ. ಅಮೃತ್ ಫ್ಯೂಷನ್ ಇಲ್ಲಿನ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆಯ ಬಾರ್ಲಿ ಸೇರಿಸಿ ಮಾಡಿದ್ದು, ಅದಕ್ಕೇ ಆ ಹೆಸರು. ನನಗೆ ಅದರಲ್ಲಿ ಮೊದಲು ಕಿತ್ತಳೆ ಸಿಪ್ಪೆ, ಕೊನೆಗೆ ದೂರದಲ್ಲೆಲ್ಲೋ ಎಲೆ ಸುಟ್ಟ ವಾಸನೆ. ಭಾವನ ಮಹಡಿಯಲ್ಲಿ ಬೋಲ್ಡ್ ತೆಗೆದಾಗ ಒಂದು ಫಜೀತಿ ಆಯಿತು. ಪಕ್ಕದಲ್ಲೇ ಅಡಿಕೆ ಚೀಲಗಳು, ಕೆಳಗೆ ಬಚ್ಚಲ ಒಲೆ. ಹೊಗೆ ಲೋಟದ್ದೋ ಮನೆಯದ್ದೋ ಅಂತ ಇಬ್ಬರಿಗೂ ತಿಳಿಯಲಿಲ್ಲ. ಅಂಗಳಕ್ಕೆ ಹೋಗಿ ಮೂಸಬೇಕಾಯಿತು.

ನನ್ನ ಆಯ್ಕೆ ಹೇಳಿಬಿಡುತ್ತೇನೆ. ಮಲೆನಾಡಿನ ಚಳಿಗೆ, ಊಟಕ್ಕೆ ಮುಂಚೆ, ಸುಮ್ನೆ ಕೂರಲು ಫ್ಯೂಷನ್. ಮೊದಲ ಸಲ ಸಿಂಗಲ್ ಮಾಲ್ಟ್ ಕುಡಿಯುವವರಿಗೆ ಬ್ರಿಲಿಯನ್ಸ್. ಸಿಹಿ ಕಡೆಗೆ ಮನಸ್ಸಿದ್ದವರಿಗೆ ತ್ರಿನಿ. ಅದನ್ನು ಮುಂಚೆ ಬರ್ಬನ್ ಎಂಬ ಅಮೆರಿಕದ ವಿಸ್ಕಿ, ಫ್ರೆಂಚ್ ವೈನ್, ಶೆರ್ರಿ ಎಂಬ ಸ್ಪೇನಿನ ವೈನ್ ತುಂಬಿದ್ದ ಮೂರು ಬಗೆಯ ಪೀಪಾಯಿಗಳಲ್ಲಿ ಇಟ್ಟಿರುತ್ತಾರೆ, ಒಣದ್ರಾಕ್ಷಿಯ ಗುಣ ಬರುವುದು ಅಲ್ಲಿಂದ. ಆದರೆ ಒಂದು ಎಚ್ಚರ. 2023ರಲ್ಲಿ ಅಮೆರಿಕದ ಸ್ಪರ್ಧೆಯಲ್ಲಿ ಇಂದ್ರಿಗೆ ದೊಡ್ಡ ಬಹುಮಾನ ಬಂತು ಅಂತ ಎಲ್ಲರ ಫೋನಿಗೂ ಸುದ್ದಿ ಬಂದಿತ್ತಲ್ಲ? ಬಂದದ್ದು ದೀಪಾವಳಿಯ ವಿಶೇಷ ಆವೃತ್ತಿಗೆ. ಅಂಗಡಿಯವ ಅದೇ ಸುದ್ದಿ ತೋರಿಸಿ ಕೊಡುವುದು ತ್ರಿನಿ. ತ್ರಿನಿ ಚೆನ್ನಾಗಿಯೇ ಇದೆ, ಆದರೆ ಬಹುಮಾನ ಅದರದ್ದಲ್ಲ. ಯಾವ ಹೊಸ ಬಾಟಲಿಯ ಪದಕವನ್ನಾದರೂ ಹೀಗೇ ಒಮ್ಮೆ ತಿರುಗಿಸಿ ನೋಡಿ.

ಹುರಿದ ಮೀನಿನ ಜೊತೆ ಮಾಲ್ಟ್ ನನಗಂತೂ ಹೊಂದುವುದಿಲ್ಲ. ಮಸಾಲೆಯ ಖಾರವೂ ಮದ್ಯದ ಖಾರವೂ ಸೇರಿ ಬಾಯಿ ಉರಿ. ಅಲ್ಲಿಗೆ ಜಿನ್ ಬರಬೇಕು.

ಜಿನ್: ಮೀನು ಇರುವ ಮನೆಗೆ

ವಾರಕ್ಕೊಂದು ಹೊಸ ಜಿನ್ ಯಾಕೆ ಬರುತ್ತಿದೆ ಗೊತ್ತಾ? ವಿಸ್ಕಿ ಮಾಡಿದವನು ವರ್ಷಗಟ್ಟಲೆ ಪೀಪಾಯಿ ಕಾಯಬೇಕು. ಜಿನ್ ಭಟ್ಟಿ ಇಳಿಸಿ ಕೆಲವು ವಾರಗಳಲ್ಲಿ ಮಾರಬಹುದು. ಹೊಸ ಕಂಪನಿಗೆ ಕೈಯಲ್ಲಿ ಕಾಸು ಓಡಾಡಬೇಕಲ್ಲ. 2017ರಲ್ಲಿ ಗೋವಾದಿಂದ ಗ್ರೇಟರ್ ದ್ಯಾನ್ ಬಂತು, ಮರುವರ್ಷ ಸ್ಟ್ರೇಂಜರ್ ಅಂಡ್ ಸನ್ಸ್. ಅಲ್ಲಿಂದ ಸಾಲು ನಿಂತಿಲ್ಲ.

ಜಿನ್ನಿಗೆ ಜೀವ ಜುನಿಪರ್ ಎಂಬ ಕಾಯಿ. ಅದು ನಮ್ಮ ಕಡೆ ಬೆಳೆಯುವುದಿಲ್ಲ, ಹಾಗಾಗಿ ಆ ವಾಸನೆ ಹಿಡಿಯುವುದು ಹೇಗೆ ಅಂತ ಹಲವರು ಕೇಳುತ್ತಾರೆ. ಶಿರಸಿಯ ತೋಟದಿಂದ ಹಸಿ ಕಾಳುಮೆಣಸಿನ ಒಂದು ಗೊಂಚಲು ತನ್ನಿ. ಎರಡು ಕಾಳು ಉಗುರಿನಲ್ಲಿ ಒಡೆದು ಮೂಸಿ. ಖಾರಕ್ಕಿಂತ ಮುಂಚೆ ಒಂದು ತಂಪು, ಹಸಿರು, ಪೈನ್ ಮರದಂಥ ವಾಸನೆ ಬರುತ್ತದೆ. ಪೈನೀನ್ ಎಂಬ ಎಣ್ಣೆಯ ಅಂಶ ಅದು, ಜುನಿಪರಿನಲ್ಲೂ ಅದೇ ಇದೆ. ಇದನ್ನು ಒಮ್ಮೆ ಮೂಗಿಗೆ ಕಲಿಸಿದ ಮೇಲೆ ಯಾವ ಜಿನ್‌ನಲ್ಲಿ ಜುನಿಪರ್ ನಿಜವಾಗಿ ಇದೆ, ಯಾವುದರಲ್ಲಿ ಬರೀ ಹೂವಿನ ಅತ್ತರು ಇದೆ ಅಂತ ಅಂಗಡಿ ಬಾಗಿಲಲ್ಲೇ ಹೇಳಬಹುದು. ಅಂದರೆ, ಅಂಗಡಿಯವ ಮುಚ್ಚಳ ತೆಗೆಯಲು ಬಿಟ್ಟರೆ.

ಹೆಂಡತಿ ಒಂದು ಭಾನುವಾರ ಮೂರು ಲೋಟದ ತಳಕ್ಕೆ 1, 2, 3 ಎಂದು ಚೀಟಿ ಅಂಟಿಸಿ, ಯಾವುದರಲ್ಲಿ ಏನಿದೆ ಅಂತ ಹೇಳದೆ ಕೊಟ್ಟಳು. ಗ್ರೇಟರ್ ದ್ಯಾನ್, ಸ್ಟ್ರೇಂಜರ್ ಅಂಡ್ ಸನ್ಸ್, ಹಪುಷಾ. ಮೊದಲ ಸುತ್ತು ಬರೀ ಜಿನ್. ಎರಡನೆಯದು ಅರ್ಧ ನೀರು. ಮೂರನೆಯದು ಒಂದು ಪಾಲಿಗೆ ಎರಡು ಪಾಲು ಟಾನಿಕ್ ಎಂಬ ಕಹಿ-ಸಿಹಿ ಸೋಡಾ. ಬರೀ ಕುಡಿದಾಗ ನಾವೆಲ್ಲ ಹಪುಷಾಗೆ ಕೈ ಎತ್ತಿದೆವು. ಅದು ಹಿಮಾಲಯದ ಜುನಿಪರಿನದ್ದು, ಹೆಸರೇ ಜುನಿಪರಿನ ಸಂಸ್ಕೃತ ಹೆಸರು. ಅರಿಶಿನ, ಏಲಕ್ಕಿ, ಮಾವು ಸೇರಿ ಒದ್ದೆ ಮಣ್ಣಿನ ಗುಣ ಇದೆ. ಆದರೆ ಟಾನಿಕ್ ಬಿದ್ದ ಕೂಡಲೇ ಅದು ಮಂಕಾಯಿತು, ಅದಕ್ಕಿಂತ ಅಗ್ಗದ ಗ್ರೇಟರ್ ದ್ಯಾನ್ ಗೆದ್ದಿತು. ಖಾರ, ನೇರ, ಸುತ್ತುಬಳಸಿಲ್ಲ. ಟಾನಿಕ್ ಹಾಕಿಯೇ ಕುಡಿಯುವವರು ಹೆಚ್ಚಿನ ದುಡ್ಡು ಕೊಡಬೇಕಾಗಿಲ್ಲ ಅಂತ ಅವತ್ತು ನನಗೆ ಅನಿಸಿತು. ಈಗಲೂ ಅನಿಸುತ್ತದೆ.

ಊಟಕ್ಕೆ ಕೂತಾಗ ಮಾತ್ರ ಸ್ಟ್ರೇಂಜರ್ ಅಂಡ್ ಸನ್ಸ್ ಬಾಟಲಿ ಬೇಗ ಖಾಲಿಯಾಯಿತು. ಅದರಲ್ಲಿ ಹುಳಿ ಹಣ್ಣುಗಳ ಸಿಪ್ಪೆ, ಕಾಳುಮೆಣಸು, ಜಾಯಿಕಾಯಿ, ಜಾಪತ್ರೆ ಇವೆ. ನಮ್ಮ ಅಡುಗೆಮನೆ ಡಬ್ಬಿಯೇ ಅಲ್ವಾ? ಕಾಣೆ ಮೀನಿನ ರವಾ ಫ್ರೈ, ಪಕ್ಕದಲ್ಲಿ ಇದಕ್ಕೆ ಸೋಡಾ, ಮೇಲೆ ಕಂಚಿಕಾಯಿ ಸಿಪ್ಪೆಯ ಒಂದು ಚೂರು ಹಿಂಡಿದರೆ ಬೇರೇನೂ ಬೇಡ. ಟಾನಿಕ್ಕಿನ ಸಿಹಿ ಮೀನಿಗೆ ಸೇರುವುದಿಲ್ಲ. ಇನ್ನೊಂದು ದಾರಿ ಮುರುಗಲು. ನಾಲ್ಕು ಒಣ ಸಿಪ್ಪೆಯನ್ನು ಅರ್ಧ ಲೋಟ ನೀರಲ್ಲಿ ಒಂದು ಗಂಟೆ ನೆನೆಸಿ, ಚಿಟಿಕೆ ಉಪ್ಪು ಹಾಕಿ, ಅದರ ಎರಡು ಚಮಚವನ್ನು ಜಿನ್ ಸೋಡಾಕ್ಕೆ ಬಿಡಿ. ಬಣ್ಣವೂ ಚಂದ. ತೆಂಗಿನಹಾಲು ಹಾಕಿದ ಸೋಲ್ ಕಡಿಯನ್ನೇ ಸುರಿಯುವ ಸಾಹಸ ನಾನು ಮಾಡಿದ್ದೇನೆ. ಒಡೆದು ಹೋಯಿತು. ನೀವು ಮಾಡಬೇಡಿ.

ಫೆನಿ: ಅಲ್ಲಿಯೇ ಹೋಗಿ ಕುಡಿಯುವಂಥದ್ದು

ಕಾರವಾರದವರಿಗೆ ಫೆನಿಯನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಏಪ್ರಿಲ್‌ನಲ್ಲಿ ಗೇರುಮರದ ಬುಡದಲ್ಲಿ ಕಳಿತು ಬಿದ್ದ ಹಣ್ಣಿನ ವಾಸನೆ ಗೊತ್ತಿದ್ದವನಿಗೆ ಫೆನಿ ಅರ್ಧ ಗೊತ್ತಿದ್ದಂತೆ. ಹಣ್ಣು ತುಳಿದು ತೆಗೆದ ರಸವನ್ನು ಹುಳಿ ಬರಲು ಬಿಟ್ಟು ಒಮ್ಮೆ ಭಟ್ಟಿ ಇಳಿಸಿದರೆ ಉರಾಕ್, ಸುಮಾರು ಶೇಕಡಾ 15. ಮತ್ತೊಮ್ಮೆ ಇಳಿಸಿದರೆ ಫೆನಿ, 42 ದಾಟುತ್ತದೆ. ಗೋವಾದ ಗೇರು ಫೆನಿಗೆ 2009ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ಹಾಗಾಗಿ ಗಡಿಯ ಈಚೆ ಅದೇ ಗೇರುಹಣ್ಣು ಇದ್ದರೂ ಫೆನಿ ಎನ್ನುವ ಹೆಸರು ಗೋವಾದ್ದು. ನಮ್ಮ ರಾಜ್ಯದಲ್ಲಿ ಸಾರಾಯಿಯನ್ನೇ 2007ರಲ್ಲಿ ನಿಲ್ಲಿಸಿದರು, ಮನೆಯಲ್ಲಿ ಭಟ್ಟಿ ಇಡುವುದು ಅಪರಾಧ.

ಹೊಸ ಫೆನಿಗಳು ಚಂದದ ಬಾಟಲಿಯಲ್ಲಿ ಬರುತ್ತಿವೆ. ಹೋಲಿಸಲು ನನ್ನದೊಂದು ಉಪಾಯ. ಅಂಗೈಗೆ ನಾಲ್ಕು ಹನಿ ಹಾಕಿ ತಿಕ್ಕಿ, ಒಂದು ನಿಮಿಷ ಬಿಟ್ಟು ಮೂಸಿ. ಘಾಟೆಲ್ಲ ಹೋದ ಮೇಲೂ ಹಣ್ಣು ಉಳಿದಿದ್ದರೆ ಒಳ್ಳೆಯದು. ಬೆಂಕಿ ತಾಗಿದ ಪಾತ್ರೆಯ ವಾಸನೆ ಉಳಿದರೆ ಬಿಟ್ಟುಬಿಡಿ. ಗೇರಿನದ್ದು ತೀರಾ ಜೋರಾಯಿತು ಅನ್ನುವವರು ತೆಂಗಿನ ಫೆನಿ ನೋಡಿ, ಅದು ಮೆತ್ತಗೆ. ದಕ್ಷಿಣ ಗೋವಾದ ಕಡೆಯೇ ಜಾಸ್ತಿ. ಉರಾಕ್ ಅಂತೂ ಬೇಸಿಗೆಯ ಎರಡು ಮೂರು ತಿಂಗಳ ಅತಿಥಿ. ಲಿಮ್ಕಾ, ಉಪ್ಪು, ಸೀಳಿದ ಒಂದು ಹಸಿಮೆಣಸು. ಮೇ ತಿಂಗಳ ಮಧ್ಯಾಹ್ನಕ್ಕೆ ಇದಕ್ಕೆ ಸಾಟಿ ಯಾವ ಜಿನ್ನೂ ಇಲ್ಲ.

ಮಾಜಾಳಿ ಗಡಿ ದಾಟಿದರೆ ಗೋವಾದ ಪೋಳೆ, ಅಲ್ಲಿ ಎಲ್ಲ ಅಗ್ಗ. ನಿಜ. ಆದರೆ ಪರವಾನಗಿ ಇಲ್ಲದೆ ಈಚೆ ತರುವಂತಿಲ್ಲ, ಅದಕ್ಕೇ ಚೆಕ್‌ಪೋಸ್ಟ್ ಇರುವುದು. ನಾವು ಮಾಡುವುದೇನೆಂದರೆ, ಬೆಳಿಗ್ಗೆ ಕಾರವಾರದಿಂದ ಕೊಂಕಣ ರೈಲು ಹತ್ತಿ ಗಡಿಯಾಚೆಯ ಕಾಣಕೋಣಕ್ಕೆ ಹೋಗುವುದು, ಅಲ್ಲೇ ರುಚಿ ನೋಡಿ ಊಟ ಮಾಡಿ ರೈಲಲ್ಲೇ ವಾಪಸ್. ಗಾಡಿ ಬೇಡವೇ ಬೇಡ. 100 ಎಂಎಲ್ ರಕ್ತದಲ್ಲಿ ಆಲ್ಕೋಹಾಲು 30 ಮಿಲಿಗ್ರಾಂ ದಾಟಿದರೆ ಕೇಸು. ಗುರುತಿಲ್ಲದ ಕ್ಯಾನಿನ ಫೆನಿಯೂ ಬೇಡ, ಅದರಲ್ಲಿ ಏನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ.

ರಮ್, ಕತ್ತಾಳೆ

ರಮ್ಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಶಿರಸಿಯ ಆಷಾಢದ ಮಳೆಗೆ 1954ರಿಂದ ಇರುವ ಓಲ್ಡ್ ಮಂಕ್ ಸಾಕು ಅನ್ನುವ ಪಂಗಡ ನನ್ನದು. ಬದಲಾವಣೆ ಬೇಕಾದರೆ ಅಮೃತ್‌ನವರ ಟೂ ಇಂಡೀಸ್ ನೋಡಿ, ಅದರಲ್ಲಿ ಬೆಲ್ಲದ ರಮ್ ಇದೆ, ಜೋನಿ ಬೆಲ್ಲ ತಿಂದು ಬೆಳೆದವರಿಗೆ ತಕ್ಷಣ ಹತ್ತಿರ ಆಗುತ್ತದೆ. ಕ್ಯಾಮಿಕಾರ ಎಂಬ ರಮ್ಮಿನ 12 ವರ್ಷದ ಬಾಟಲಿ ಕಬ್ಬಿನ ಹಾಲಿನಿಂದಲೇ ಮಾಡಿದ್ದು, ಶೇಕಡಾ 50. ಅದಕ್ಕೆ ಕೋಲಾ ಸುರಿಯಬೇಡಿ. ಗೋವಾದ ಮಾಕಾ ಝಾಯ್ ಹೆಸರು ಕೇಳಿ ನಮ್ಮ ಕಡೆಯ ಕೊಂಕಣಿಯವರೆಲ್ಲ ನಕ್ಕರು. "ನನಗೆ ಬೇಕು" ಅಂತ ಅರ್ಥ. ಅಂಗಡಿಯಲ್ಲಿ ನಿಂತು ಹೆಸರು ಹೇಳಿದರೆ ಆಯಿತು, ಬೇರೆ ವಾಕ್ಯ ಬೇಡ.

ಗದ್ದೆ ಬೇಲಿಯ ಕತ್ತಾಳೆಯಿಂದಲೂ ಈಗ ಮದ್ಯ ಬರುತ್ತಿದೆ. ದಖ್ಖನ್ ಪ್ರಸ್ಥಭೂಮಿಯ ಗಿಡದ್ದು, ಪಿಸ್ತೋಲಾ, ಡೆಸ್ಮಂಡ್‌ಜಿ ಎಂಬ ಹೆಸರುಗಳಲ್ಲಿ. ಟಕೀಲಾ ಎನ್ನುವ ಹೆಸರು ಮೆಕ್ಸಿಕೋದ್ದು, ಆದ್ದರಿಂದ ಬಾಟಲಿ ಮೇಲೆ ಆ ಪದ ಇರುವುದಿಲ್ಲ. "ನೂರಕ್ಕೆ ನೂರು ಅಗಾವೆ" (ಅಗಾವೆ ಅಂದರೆ ಕತ್ತಾಳೆ) ಅಂತ ಇದೆಯಾ ನೋಡಿ. ಒಮ್ಮೆ ಕುಡಿದೆ, ಸುಟ್ಟ ಗೆಣಸಿನ ನೆನಪಾಯಿತು. ಇಷ್ಟ ಆಯಿತು. ಮತ್ತೆ ಕೊಳ್ಳುವಷ್ಟಾ? ಇನ್ನೂ ಯೋಚಿಸುತ್ತಿದ್ದೇನೆ.

ಕೊಳ್ಳುವ ಮುಂಚೆ, ಕೊಂಡ ಮೇಲೆ

750 ಎಂಎಲ್ ಬಾಟಲಿಯಲ್ಲಿ 30 ಎಂಎಲ್‌ನ 25 ಪೆಗ್. ಬಾಟಲಿ 3,000 ಅಂದರೆ ಪೆಗ್ಗಿಗೆ 120. ಗಾಬರಿಯಾಗುವ ದರಗಳು ಹೀಗೆ ಭಾಗಿಸಿದರೆ ಸಮಾಧಾನ ಆಗುತ್ತವೆ, ಅಗ್ಗ ಅನಿಸಿದ್ದು ಕೆಲವೊಮ್ಮೆ ದುಬಾರಿ ಆಗುತ್ತದೆ. 180 ಎಂಎಲ್ ಸಿಕ್ಕರೆ ಮೊದಲು ಅದನ್ನೇ ತನ್ನಿ. ನಾಲ್ವರು ಸೇರಿ ಒಂದೊಂದು ಬೇರೆ ತಂದರೆ ಇನ್ನೂ ಒಳ್ಳೆಯದು.

ಅಂಗಡಿಯ ಗಾಜಿನ ಕಪಾಟಿನಲ್ಲಿ ಬಿಸಿಲಿಗೆ ನಿಂತ ಬಾಟಲಿ ಮಾತ್ರ ಬೇಡ. ಒಮ್ಮೆ ತಂದು ಅನುಭವಿಸಿದ್ದೇನೆ. ಬಣ್ಣ ತೆಳುವಾಗಿತ್ತು, ವಾಸನೆ ಹಳೇ ರಟ್ಟಿನ ಪೆಟ್ಟಿಗೆಯದು. ಒಳಗಿನಿಂದ ಒಂದು ತೆಗೆದುಕೊಡಿ ಎಂದು ಕೇಳಿ, ಅದಕ್ಕೆ ನಾಚಿಕೆ ಏನು. ಮನೆಯಲ್ಲಿ ಬಾಟಲಿ ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ಮದ್ಯ ಬಿರಡೆಯನ್ನು ತಿನ್ನುತ್ತದೆ. ನಮ್ಮ ಮಳೆಗಾಲದಲ್ಲಿ ಲೇಬಲ್ಲಿಗೆ ಬೂಷ್ಟು ಬರುವುದು ಖಂಡಿತ, ಒಳಗಿನದಕ್ಕೆ ಏನೂ ಆಗುವುದಿಲ್ಲ, ಒರೆಸಿ ಇಟ್ಟರೆ ಸರಿ. ಬಾಟಲಿ ಕಾಲು ಭಾಗಕ್ಕೆ ಇಳಿದ ಮೇಲೆ ಗಾಳಿ ಜಾಸ್ತಿಯಾಗಿ ವಾಸನೆ ಕರಗುತ್ತಾ ಹೋಗುತ್ತದೆ. ಅಂಥದ್ದನ್ನು ಸಣ್ಣ ಗಾಜಿನ ಸೀಸೆಗೆ ತುಂಬಿ, ಮೇಲೆ ಹೆಸರು ಬರೆದಿಡಿ. ನಮ್ಮನೆಯಲ್ಲಿ ಹೆಸರು ಬರೆಯದ ಒಂದು ಸೀಸೆ ಇದೆ. ಅದು ಗ್ರೇಟರ್ ದ್ಯಾನ್ ಅಂತ ನಾನು, ತೆಂಗಿನ ಫೆನಿ ಅಂತ ಭಾವ. ಮುಂದಿನ ಸಲ ಅವನು ಘಟ್ಟ ಇಳಿದು ಬಂದಾಗ ತೆಗೆಯುವವರಿದ್ದೇವೆ.